ಆರ್‌ವಿಟಿ, ಐಎಫ್‌ಸಿ, ಎನ್‌ಡಬ್ಲ್ಯುಡಿ: ಬಿಐಎಂಗೆ ಹೊಸಬರಾದವರು ಫೈಲ್ ಮುಟ್ಟುವ ಮುಂಚೆ

ಬಿಐಎಂ, ಅಂದರೆ ಬಿಲ್ಡಿಂಗ್ ಇನ್‌ಫರ್ಮೇಷನ್ ಮಾಡೆಲಿಂಗ್, ಕಟ್ಟಡವನ್ನು ಮಾಹಿತಿ ಸಮೇತ ಕಂಪ್ಯೂಟರಿನಲ್ಲಿ ಕಟ್ಟುವ ಕೆಲಸ. ಅದಕ್ಕೆ ಹೊಸದಾಗಿ ಬರುವವರಿಗೆ ಗೋಡೆ ಎಳೆಯುವುದು, ಕಿಟಕಿ ಕೂರಿಸುವುದು ಗೊತ್ತಿರುತ್ತದೆ. ಅದಕ್ಕೆ ಬೇಕಾದಷ್ಟು ವಿಡಿಯೋಗಳಿವೆ. ಅವರು ತಡವರಿಸುವುದು ಬೇರೆ ಕಡೆ. "ಸೆಂಟ್ರಲ್ ತೆರೀಬೇಡಿ, ಲೋಕಲ್ ಮಾಡ್ಕೊಳ್ಳಿ", "ಎನ್‌ಡಬ್ಲ್ಯುಎಫ್ ಅಲ್ಲ, ಎನ್‌ಡಬ್ಲ್ಯುಡಿ ಕಳಿಸಿ", "ಇದು ಪ್ರಾಕ್ಸಿ ಆಗಿ ಬಂದಿದೆ ನೋಡಿ" ಅಂತ ಯಾರಾದರೂ ಅಂದರೆ ತಲೆಯಾಡಿಸುತ್ತಾರೆ, ಆಮೇಲೆ ಪಕ್ಕದವರನ್ನು ಮೆಲ್ಲಗೆ ಕೇಳುತ್ತಾರೆ.

ನಾನು ಮಾಡೆಲ್ ಕೋಆರ್ಡಿನೇಟರ್. ಆರ್ಕಿಟೆಕ್ಟ್, ಸ್ಟ್ರಕ್ಚರ್, ಪ್ಲಂಬಿಂಗ್, ಎಲೆಕ್ಟ್ರಿಕಲ್, ಎಲ್ಲರ ಮಾಡೆಲ್‌ಗಳೂ ನನ್ನ ಕಂಪ್ಯೂಟರಿಗೆ ಬರುತ್ತವೆ. ಅವನ್ನು ಒಂದರ ಮೇಲೊಂದು ಇಟ್ಟು, ಎಲ್ಲಿ ಏನು ಗುದ್ದುತ್ತಿದೆ ಅಂತ ಹೇಳುವುದು ನನ್ನ ಕೆಲಸ. ನಿಜ ಹೇಳಬೇಕೆಂದರೆ, ಪೈಪು ಬೀಮಿಗೆ ಗುದ್ದಿದ್ದಕ್ಕಿಂತ ತಪ್ಪು ಫೈಲ್ ಬಂದಿದ್ದಕ್ಕೇ ಜಾಸ್ತಿ ಸಮಯ ಹೋಗುತ್ತದೆ. ಅದಕ್ಕೆ ಯಾವ ಫೈಲ್ ಬಂದರೂ ಅದರ ಹೆಸರಿನ ಬಾಲ ನೋಡಿ ಒಂದೇ ಪ್ರಶ್ನೆ ಕೇಳಿಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ: ಇದನ್ನು ತಿದ್ದುವ ಹಕ್ಕು ಯಾರದು? ಅದಕ್ಕೆ ಉತ್ತರ ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಮೊದಲು ಒಂದು ಬಾಗಿಲು

ಡ್ರಾಯಿಂಗ್‌ಗೂ ಮಾಡೆಲ್‌ಗೂ ಇರುವ ವ್ಯತ್ಯಾಸ ತಿಳಿಯಲು ಒಂದು ಬಾಗಿಲು ಸಾಕು. ಆಟೋಕ್ಯಾಡ್ ಪ್ಲಾನಿನಲ್ಲಿ ಬಾಗಿಲು ಅಂದರೆ ನಾಲ್ಕು ಗೆರೆ, ಒಂದು ಕಮಾನು. ಪ್ಲಾನಿನಲ್ಲಿ ಅದನ್ನು ಸರಿಸಿದರೆ ಎಲಿವೇಷನ್ನಿಗೆ ಸುದ್ದಿಯೇ ಹೋಗುವುದಿಲ್ಲ. ಬಿಐಎಂ ಸಾಫ್ಟ್‌ವೇರಿನಲ್ಲಿ ಬಾಗಿಲು ಒಂದು ವಸ್ತು. ಪ್ಲಾನ್, ಸೆಕ್ಷನ್, ತ್ರೀಡಿ, ಬಾಗಿಲುಗಳ ಪಟ್ಟಿ ಎಲ್ಲವೂ ಆ ಒಂದೇ ವಸ್ತುವನ್ನು ಬೇರೆ ಬೇರೆ ಕಡೆಯಿಂದ ತೋರಿಸುವ ವ್ಯೂಗಳು. ಪಟ್ಟಿಯನ್ನು ಶೆಡ್ಯೂಲ್ ಅನ್ನುತ್ತಾರೆ. ಎಕ್ಸೆಲ್ ತರಹ ಕಾಣುತ್ತದೆ, ಆದರೆ ಎಕ್ಸೆಲ್ ಅಲ್ಲ. ಆಟೋಡೆಸ್ಕ್‌ನ ಬಿಐಎಂ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಡೋರ್ ಶೆಡ್ಯೂಲಿನ ಒಂದು ಸಾಲು ಡಿಲೀಟ್ ಮಾಡಿದರೆ ಮಾಡೆಲ್‌ನಿಂದ ಆ ಬಾಗಿಲೇ ಹೋಗುತ್ತದೆ. ಪ್ರಿಂಟಿನಲ್ಲಿ ಸಾಲು ಬೇಡ ಅಂದರೆ ಫಿಲ್ಟರ್ ಹಾಕಿ.

ಈಗ ಅದೇ ಬಾಗಿಲಿಗೆ ರೆವಿಟ್ ಕೊಡುವ ನಾಲ್ಕು ಹಂತದ ಗುರುತು ನೋಡಿ. ಮೇಲಿನದು ಕ್ಯಾಟಗರಿ: ಡೋರ್ಸ್. ಇದನ್ನು ನಾವು ಹುಟ್ಟಿಸುವ ಹಾಗಿಲ್ಲ, ಸಾಫ್ಟ್‌ವೇರೇ ಕೊಟ್ಟಿರುತ್ತದೆ. ಅದರ ಕೆಳಗೆ ಫ್ಯಾಮಿಲಿ: ಒಂಟಿ ಹಲಗೆಯ ಬಾಗಿಲು, ಜೋಡಿ ಹಲಗೆಯ ಬಾಗಿಲು, ಸರಿಯುವ ಬಾಗಿಲು ಹೀಗೆ. ಫ್ಯಾಮಿಲಿಯೊಳಗೆ ಟೈಪ್: 900 x 2100, 1000 x 2100. ಕೊನೆಗೆ ಇನ್‌ಸ್ಟನ್ಸ್: ಎರಡನೇ ಮಹಡಿಯ ಸ್ಟೋರ್ ರೂಮಿನಲ್ಲಿ ನೀವು ಕೂರಿಸಿದ ಆ ಒಂದು ಬಾಗಿಲು.

ಪ್ಯಾರಾಮೀಟರ್ ಅಂದರೆ ವಸ್ತುವಿನ ಅಗಲ, ನಂಬರ್ ಇಂಥ ಒಂದೊಂದು ಮಾಹಿತಿ. ಅವೂ ಇದೇ ಲೆಕ್ಕದಲ್ಲಿ ಎರಡು ಥರ. ಟೈಪ್ ಪ್ಯಾರಾಮೀಟರ್ ಬದಲಿಸಿದರೆ ಆ ಟೈಪಿನ ಎಲ್ಲ ಬಾಗಿಲುಗಳೂ ಬದಲಾಗುತ್ತವೆ. ಇನ್‌ಸ್ಟನ್ಸ್ ಪ್ಯಾರಾಮೀಟರ್ ಬದಲಿಸಿದರೆ ಕೈಯಲ್ಲಿ ಹಿಡಿದ ಒಂದೇ ಒಂದು. ಅಗಲ ಸಾಮಾನ್ಯವಾಗಿ ಟೈಪಿನಲ್ಲಿರುತ್ತದೆ, ಬಾಗಿಲಿನ ನಂಬರ್ ಇನ್‌ಸ್ಟನ್ಸಿನಲ್ಲಿ. ಸ್ಟೋರ್ ರೂಮಿನ ಬಾಗಿಲು ಮಾತ್ರ ಅಗಲ ಆಗಬೇಕು ಅಂತ ಯಾರೋ ಟೈಪ್ ಪ್ರಾಪರ್ಟೀಸ್ ತೆರೆದು 900 ಇದ್ದದ್ದನ್ನು 1000 ಮಾಡುತ್ತಾರೆ. ಇಡೀ ಕಟ್ಟಡದಲ್ಲಿ ಆ ಟೈಪಿನ ಬಾಗಿಲುಗಳೆಲ್ಲ ಸದ್ದಿಲ್ಲದೆ ಅಗಲವಾಗುತ್ತವೆ. ಅದಕ್ಕಿಂತ ಕಿರಿಕಿರಿ ಅಂದರೆ, ಟೈಪಿನ ಹೆಸರು "900 x 2100" ಅಂತಲೇ ಉಳಿದಿರುತ್ತದೆ. ಯಾಕೆಂದರೆ ಹೆಸರು ಬರೀ ಅಕ್ಷರ, ಅಳತೆಗೂ ಅದಕ್ಕೂ ಗಂಟು ಹಾಕಿರುವುದಿಲ್ಲ. ಹಾಗಾಗಿ ಅಳತೆ ಬದಲಿಸುವ ಮುಂಚೆ ಡುಪ್ಲಿಕೇಟ್ ಒತ್ತಿ, ಹೊಸ ಹೆಸರು ಕೊಟ್ಟು, ಆಮೇಲೆ ಅಗಲ ಬದಲಿಸಿ. ಬೇರೆಯವರ ಮಾಡೆಲ್ ಬಂದಾಗ ನಾನು ಶೆಡ್ಯೂಲಿನಲ್ಲಿ ಟೈಪ್ ಹೆಸರು, ಅಗಲ ಎರಡನ್ನೂ ಅಕ್ಕಪಕ್ಕ ಇಟ್ಟು ಒಮ್ಮೆ ಕಣ್ಣಾಡಿಸುತ್ತೇನೆ. ಎರಡೂ ಹೊಂದದ ಸಾಲು ಕಂಡರೆ ಉಳಿದದ್ದನ್ನೂ ಸ್ವಲ್ಪ ಅನುಮಾನದಿಂದಲೇ ನೋಡುತ್ತೇನೆ.

ಫ್ಯಾಮಿಲಿಯಲ್ಲೂ ಮೂರು ಜಾತಿ. ಗೋಡೆ, ನೆಲ, ಚಾವಣಿ ಇವು ಸಿಸ್ಟಮ್ ಫ್ಯಾಮಿಲಿ. ಪ್ರಾಜೆಕ್ಟ್ ಫೈಲಿನೊಳಗೇ ಇರುತ್ತವೆ, ಬೇರೆ ಫೈಲಾಗಿ ಹೊರಗೆ ತೆಗೆಯಲು ಬರುವುದಿಲ್ಲ. ಬಾಗಿಲು, ಕಿಟಕಿ, ಪಂಪು, ಮೇಜು ಇವು ಲೋಡ್ ಮಾಡುವ ಫ್ಯಾಮಿಲಿ, ಒಂದೊಂದೂ ಒಂದು ಫೈಲ್. ಮೂರನೆಯದು ಇನ್-ಪ್ಲೇಸ್: ಇದ್ದ ಜಾಗದಲ್ಲೇ ಒಂದು ಆಕಾರ ಕೆತ್ತಿ ಬಿಡುವುದು. ವಿಚಿತ್ರ ಆಕಾರದ ಒಂದು ಕಟ್ಟೆಗೋ ಕೌಂಟರಿಗೋ ಪರವಾಗಿಲ್ಲ. ಅದನ್ನೇ ಕಾಪಿ ಮಾಡಿ ಹತ್ತು ಕಡೆ ಇಟ್ಟವರನ್ನು ಕಂಡರೆ ನನಗೆ ಆಗಿಬರುವುದಿಲ್ಲ. ಪ್ರತಿ ಕಾಪಿಯೂ ಬೇರೆ ಫ್ಯಾಮಿಲಿ ಆಗುತ್ತದೆ. ಒಂದನ್ನು ತಿದ್ದಿದರೆ ಇನ್ನೊಂದು ತಿದ್ದಿಕೊಳ್ಳುವುದಿಲ್ಲ. ಫೈಲ್ ಸುಮ್ನೆ ಭಾರ.

ಶೇರ್ಡ್ ಪ್ಯಾರಾಮೀಟರ್ ಅನ್ನುವ ಮಾತೂ ಕೇಳಿರುತ್ತೀರಿ. ಹಲವು ಫ್ಯಾಮಿಲಿ, ಪ್ರಾಜೆಕ್ಟುಗಳು ಹಂಚಿಕೊಳ್ಳುವ ಪ್ಯಾರಾಮೀಟರ್ ಅದು, ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿರುತ್ತದೆ. ಪ್ರತಿ ಪ್ಯಾರಾಮೀಟರಿಗೂ ಒಂದು ಹೆಸರು, ಒಂದು ಉದ್ದನೆಯ ಗುರುತಿನ ಸಂಖ್ಯೆ. ಆ ಸಂಖ್ಯೆಗೆ ಜಿಯುಐಡಿ ಅಂತ ಹೆಸರು. ರೆವಿಟ್ ನಂಬುವುದು ಸಂಖ್ಯೆಯನ್ನು, ಹೆಸರನ್ನಲ್ಲ. ಇಬ್ಬರು ಬೇರೆ ಬೇರೆಯಾಗಿ "ಫೈರ್ ರೇಟಿಂಗ್" ಅಂತ ಒಂದೊಂದು ಮಾಡಿಕೊಂಡರೆ ಪಟ್ಟಿಯಲ್ಲಿ ಒಂದೇ ಹೆಸರಿನವು ಎರಡು ಕಾಣುತ್ತವೆ. ಡ್ರಾಯಿಂಗಿನಲ್ಲಿ ಆ ಮಾಹಿತಿ ತೋರಿಸಬೇಕಾದ ಟ್ಯಾಗ್ ಮಾತ್ರ ಖಾಲಿ. ಇಡೀ ಪ್ರಾಜೆಕ್ಟಿಗೆ ಒಂದೇ ಶೇರ್ಡ್ ಪ್ಯಾರಾಮೀಟರ್ ಫೈಲ್ ಇರಲಿ. ಅದನ್ನು ಮೊದಲ ದಿನವೇ ಕೇಳಿ ಇಸಿದುಕೊಳ್ಳಿ.

ಲೆವೆಲ್ ಅಂದರೆ ಮಹಡಿಯ ಎತ್ತರದ ಗೆರೆ, ಗ್ರಿಡ್ ಅಂದರೆ ಕಂಬಗಳ ಅಕ್ಷ, ಶೀಟ್ ಅಂದರೆ ಪ್ರಿಂಟ್ ಹಾಕುವ ಹಾಳೆ. ಇವಕ್ಕೆ ಹೆಚ್ಚು ವಿವರಣೆ ಬೇಡ. ವ್ಯೂ ರೇಂಜ್ ಮಾತ್ರ ನೆನಪಿಡಿ. ಪ್ಲಾನ್ ವ್ಯೂ ಸಾಮಾನ್ಯವಾಗಿ ನೆಲದಿಂದ 1200 ಮಿಲಿಮೀಟರ್ ಎತ್ತರದಲ್ಲಿ ಕಟ್ಟಡವನ್ನು ಕತ್ತರಿಸಿ ಕೆಳಗೆ ನೋಡುತ್ತದೆ. "ಕಿಟಕಿ ಹಾಕಿದೆ, ಕಾಣಿಸ್ತಿಲ್ಲ" ಅನ್ನುವವರ ಕಿಟಕಿ ಬಹುತೇಕ ಅದಕ್ಕಿಂತ ಮೇಲಿರುತ್ತದೆ.

ರೆವಿಟ್ ಫೈಲುಗಳು

ರೆವಿಟ್ 2000ದಲ್ಲಿ ಹೊರಬಂತು, 2002ರಲ್ಲಿ ಆಟೋಡೆಸ್ಕ್ ಅದನ್ನು ಕೊಂಡುಕೊಂಡಿತು. ಅದರ ಮುಖ್ಯ ಫೈಲುಗಳು ನಾಲ್ಕೇ. ಆರ್‌ವಿಟಿ ಅಂದರೆ ಪ್ರಾಜೆಕ್ಟ್. ಆರ್‌ಎಫ್‌ಎ ಅಂದರೆ ಫ್ಯಾಮಿಲಿ. ಆರ್‌ಟಿಇ ಅಂದರೆ ಪ್ರಾಜೆಕ್ಟ್ ಟೆಂಪ್ಲೇಟ್. ಲೆವೆಲ್, ವ್ಯೂ ಟೆಂಪ್ಲೇಟ್, ಟೈಟಲ್ ಬ್ಲಾಕ್ ಎಲ್ಲ ಮೊದಲೇ ಜೋಡಿಸಿಟ್ಟ ಖಾಲಿ ಪ್ರಾಜೆಕ್ಟ್ ಅದು. ಆರ್‌ಎಫ್‌ಟಿ ಅಂದರೆ ಹೊಸ ಫ್ಯಾಮಿಲಿ ಮಾಡಲು ಬೇಕಾದ ಟೆಂಪ್ಲೇಟ್. ಆರ್‌ಎಫ್‌ಟಿ ಆಯ್ಕೆ ಮಾಡುವಾಗಲೇ ಕ್ಯಾಟಗರಿ ಬಹುಮಟ್ಟಿಗೆ ತೀರ್ಮಾನ ಆಗಿಬಿಡುತ್ತದೆ. ಗೋಡೆಗೆ ಅಂಟಿಕೊಳ್ಳುವ ವಸ್ತುವೋ, ನೆಲದ ಮೇಲೆ ನಿಲ್ಲುವ ವಸ್ತುವೋ ಅನ್ನುವುದೂ ಅಲ್ಲೇ. ಅವಸರದಲ್ಲಿ ಸಿಕ್ಕಿದ್ದನ್ನು ಒತ್ತಬೇಡಿ.

ಫೋಲ್ಡರಿನಲ್ಲಿ ಹೆಸರಿನ ಕೊನೆಗೆ 0001, 0002 ಅಂತ ಸೇರಿಕೊಂಡ ಆರ್‌ವಿಟಿಗಳು ಕಾಣುತ್ತವೆ ಅಲ್ವಾ? ಅವು ಬ್ಯಾಕಪ್. ಪ್ರತಿ ಸಲ ಸೇವ್ ಮಾಡಿದಾಗ ಹಿಂದಿನ ಪ್ರತಿ ಹೀಗೆ ಉಳಿಯುತ್ತದೆ. ದೊಡ್ಡ ನಂಬರ್ ಇದೆ, ಅದೇ ಹೊಸದು ಅಂತ ತಿಳಿದು 0003 ಕಳಿಸುವವರಿದ್ದಾರೆ. ಹೊಸದು ಯಾವತ್ತೂ ನಂಬರ್ ಇಲ್ಲದ್ದು.

ಒಬ್ಬರಿಗಿಂತ ಹೆಚ್ಚು ಜನ ಒಂದೇ ಮಾಡೆಲ್‌ನಲ್ಲಿ ಕೆಲಸ ಮಾಡುವಾಗ ಸೆಂಟ್ರಲ್ ಮತ್ತು ಲೋಕಲ್ ಬರುತ್ತವೆ. ಸೆಂಟ್ರಲ್ ಫೈಲ್ ಸರ್ವರಿನಲ್ಲಿರುತ್ತದೆ. ಅದನ್ನು ನೇರವಾಗಿ ತೆರೆದು ಕೂರಬಾರದು. ಓಪನ್ ಮಾಡುವಾಗ ಕೆಳಗೆ "ಕ್ರಿಯೇಟ್ ನ್ಯೂ ಲೋಕಲ್" ಅಂತ ಒಂದು ಗುರುತಿನ ಚೌಕ ಇರುತ್ತದೆ, ಅದು ಟಿಕ್ ಆಗಿರಲಿ. ಆಗ ನಿಮ್ಮ ಕಂಪ್ಯೂಟರಿನಲ್ಲಿ ನಿಮ್ಮ ಯೂಸರ್ ಹೆಸರು ಸೇರಿದ ಒಂದು ಪ್ರತಿ ಹುಟ್ಟುತ್ತದೆ. ಕೆಲಸ ಅದರಲ್ಲಿ. ಆಗಾಗ "ಸಿಂಕ್ರನೈಸ್ ವಿತ್ ಸೆಂಟ್ರಲ್" ಒತ್ತಿದರೆ ನಿಮ್ಮ ಬದಲಾವಣೆ ಅಲ್ಲಿಗೆ ಹೋಗುತ್ತದೆ, ಬೇರೆಯವರದ್ದು ನಿಮಗೆ ಬರುತ್ತದೆ. ಸಿಂಕ್ ಮಾಡುವಾಗ ಹಿಡಿದುಕೊಂಡ ವಸ್ತುಗಳನ್ನು ಬಿಟ್ಟುಕೊಡುವ ಆಯ್ಕೆಗಳೂ ಅಲ್ಲೇ ಇವೆ. ಬಿಟ್ಟುಕೊಡದೆ ಊಟಕ್ಕೆ ಎದ್ದು ಹೋದರೆ ಮಿಕ್ಕವರು ಆ ಗೋಡೆಯನ್ನು ಮುಟ್ಟುವ ಹಾಗಿಲ್ಲ. ವರ್ಕ್‌ಸೆಟ್ ಅಂದರೆ ಮಾಡೆಲನ್ನು ಹಂಚಿಕೊಳ್ಳಲು ಮಾಡಿಕೊಂಡ ಗುಂಪು. ಲೇಯರ್ ಅಂತ ತಿಳಿದು ಗೋಡೆಗೊಂದು, ಕಿಟಕಿಗೊಂದು ವರ್ಕ್‌ಸೆಟ್ ಮಾಡಬೇಡಿ. ಆ ವಿಂಗಡಣೆಗೆ ಕ್ಯಾಟಗರಿ ಇದೆ.

ಸೆಂಟ್ರಲ್ ಪಕ್ಕದಲ್ಲೇ ಹೆಸರಿನ ಕೊನೆಗೆ "ಬ್ಯಾಕಪ್" ಅಂತಿರುವ ಫೋಲ್ಡರ್ ಇರುತ್ತದೆ. ಜಾಗ ಖಾಲಿ ಮಾಡುವ ಉತ್ಸಾಹದಲ್ಲಿ ಅದನ್ನು ಅಳಿಸಬೇಡಿ, ಹೆಸರೂ ಬದಲಿಸಬೇಡಿ.

ಹೊರಗಿನವರಿಗೆ ಕೊಡುವಾಗ ನಿಮ್ಮ ಲೋಕಲ್ ಕಳಿಸಬೇಡಿ. ಅದು ಈಗಲೂ ನಿಮ್ಮ ಸರ್ವರಿನ ಸೆಂಟ್ರಲ್ ಎಲ್ಲಿದೆ ಅಂತ ಹುಡುಕುತ್ತದೆ. ಓಪನ್ ಮಾಡುವಾಗ "ಡಿಟ್ಯಾಚ್ ಫ್ರಮ್ ಸೆಂಟ್ರಲ್" ಟಿಕ್ ಮಾಡಿ, ಬೇರೆ ಹೆಸರಲ್ಲಿ ಸೇವ್ ಮಾಡಿ, ಆ ಪ್ರತಿ ಕಳಿಸಿ. ಬೇರೆಯವರ ಫೈಲ್ ನಿಮಗೆ ಬಂದಾಗಲೂ ಹೀಗೇ ಡಿಟ್ಯಾಚ್ ಮಾಡಿಯೇ ತೆರೆಯಿರಿ.

ಇನ್ನು ವರ್ಷನ್. ಹಳೆಯ ರೆವಿಟ್ ಫೈಲನ್ನು ಹೊಸ ರೆವಿಟ್ ತೆರೆಯುತ್ತದೆ, ತೆರೆಯುವಾಗ ಮೇಲ್ದರ್ಜೆಗೆ ಏರಿಸುತ್ತದೆ. ಸೇವ್ ಮಾಡಿದರೆ ಮುಗಿಯಿತು, ಹಳೆಯ ರೆವಿಟ್ ಅದನ್ನು ಮತ್ತೆ ತೆರೆಯುವುದಿಲ್ಲ. "ಹಳೆಯ ವರ್ಷನ್ನಿಗೆ ಸೇವ್ ಮಾಡು" ಅನ್ನುವ ಆಯ್ಕೆ ಇಲ್ಲವೇ ಇಲ್ಲ. ಫ್ಯಾಮಿಲಿಗೂ ಇದೇ ನಿಯಮ. ಪ್ರಾಜೆಕ್ಟ್ ಶುರುವಾಗುವ ಮುಂಚೆ ಎಲ್ಲರೂ ಒಂದು ವರ್ಷನ್ ಅಂತ ಬರೆದಿಟ್ಟುಕೊಳ್ಳಿ. ನಡುವೆ ಯಾರೂ ಒಬ್ಬೊಬ್ಬರೇ ಮೇಲಕ್ಕೆ ಹೋಗಬಾರದು.

ಬೇರೆ ಸಾಫ್ಟ್‌ವೇರುಗಳವರು ಕಳಿಸುವುದು

ಗ್ರಾಫಿಸಾಫ್ಟ್‌ನ ಆರ್ಕಿಕ್ಯಾಡ್‌ನಲ್ಲಿ ಪಿಎಲ್ಎನ್ ಪ್ರಾಜೆಕ್ಟ್ ಫೈಲ್. ಪಿಎಲ್ಎ ಅಂದರೆ ಲೈಬ್ರರಿ ವಸ್ತುಗಳನ್ನೂ ಜೊತೆಗೆ ಕಟ್ಟಿಕೊಂಡ ಆರ್ಕೈವ್. ಇನ್ನೊಬ್ಬರಿಗೆ ಕೊಡುವುದಾದರೆ ಪಿಎಲ್ಎನೇ ಸರಿ. ಬರೀ ಪಿಎಲ್ಎನ್ ಕೊಟ್ಟರೆ ಬಾಗಿಲು ಕಿಟಕಿಗಳ ಜಾಗದಲ್ಲಿ ಚುಕ್ಕೆಗಳು ಕಾಣಬಹುದು, ಲೈಬ್ರರಿ ಸಿಗದೆ. ಜಿಎಸ್ಎಂ ಅದರ ಒಂದೊಂದು ವಸ್ತುವಿನ ಫೈಲ್, ಟಿಪಿಎಲ್ ಟೆಂಪ್ಲೇಟ್, ಬಿಪಿಎನ್ ಬ್ಯಾಕಪ್. ಆರ್ಕಿಕ್ಯಾಡ್ ಒಂದು ವರ್ಷನ್ ಹಿಂದಕ್ಕೆ ಸೇವ್ ಮಾಡಲು ಬಿಡುತ್ತದೆ. ರೆವಿಟ್ ಬಳಸುವ ನಮಗೆ ಹೊಟ್ಟೆಕಿಚ್ಚು ಆಗುವ ವಿಷಯ ಅದು.

ಸ್ಟೀಲ್ ಕೆಲಸದವರು ಬಳಸುವ ಟೆಕ್ಲಾ ಸ್ಟ್ರಕ್ಚರ್ಸ್‌ನಲ್ಲಿ ಮಾಡೆಲ್ ಅಂದರೆ ಒಂದು ಫೈಲಲ್ಲ, ಇಡೀ ಫೋಲ್ಡರ್. ಒಳಗಿರುವ ಡಿಬಿ1 ಅದರ ಮುಖ್ಯ ಡೇಟಾಬೇಸ್. ಡಿಬಿ1 ಒಂದನ್ನೇ ಕಳಿಸಿದರೆ ಡ್ರಾಯಿಂಗುಗಳು, ಸೆಟ್ಟಿಂಗುಗಳು ಹಿಂದೆಯೇ ಉಳಿದುಬಿಡುತ್ತವೆ. ಫೋಲ್ಡರ್ ಪೂರ್ತಿ ಜಿಪ್ ಮಾಡಬೇಕು. ಡಿಜಿಎನ್ ಬೆಂಟ್ಲಿಯ ಮೈಕ್ರೋಸ್ಟೇಷನ್ನಿನದು, ಎಸ್‌ಕೆಪಿ ಸ್ಕೆಚ್‌ಅಪ್‌ನದು, 3ಡಿಎಂ ರೈನೋದು.

ಆಟೋಕ್ಯಾಡ್‌ನ ಡಿಡಬ್ಲ್ಯುಜಿ ಎಲ್ಲರಿಗೂ ಗೊತ್ತು. ಅದನ್ನು ರೆವಿಟ್‌ಗೆ ತರುವಾಗ ಲಿಂಕ್ ಮಾಡಿ, ಇಂಪೋರ್ಟ್ ಬೇಡ. ಲಿಂಕ್ ಆದರೆ ಮೂಲ ಫೈಲ್ ಬದಲಾದಾಗ ರೀಲೋಡ್ ಮಾಡಬಹುದು, ಬೇಡವಾದಾಗ ಕಿತ್ತುಹಾಕಬಹುದು. ಇಂಪೋರ್ಟ್ ಮಾಡಿ ಅದನ್ನು ಎಕ್ಸ್‌ಪ್ಲೋಡ್ ಮಾಡಿದ, ಅಂದರೆ ಬಿಡಿ ಗೆರೆಗಳಾಗಿ ಒಡೆದ, ಮಾಡೆಲ್ ಯಾವುದು ಅಂತ ನಾನು ಒಂದೇ ಕ್ಲಿಕ್ಕಿನಲ್ಲಿ ಹೇಳಬಲ್ಲೆ. ಲೈನ್ ಪ್ಯಾಟರ್ನ್ ಪಟ್ಟಿ ತೆರೆದರೆ "ಇಂಪೋರ್ಟ್" ಅಂತ ಶುರುವಾಗುವ ಹೆಸರುಗಳು ಸಾಲುಗಟ್ಟಿ ನಿಂತಿರುತ್ತವೆ. ಒಂದು ಪ್ರಾಜೆಕ್ಟಿನಲ್ಲಿ ಸಬ್‌ಕಾಂಟ್ರಾಕ್ಟರ್ ಒಬ್ಬರು ಹಳೆಯ ಡಿಡಬ್ಲ್ಯುಜಿಗಳನ್ನೆಲ್ಲ ಹೀಗೆ ಒಡೆದು ಸುರಿದಿದ್ದರು. ಪೈಪುಗಳಿಗಿಂತ ಕಸದ ಗೆರೆಗಳೇ ಜಾಸ್ತಿ ಇದ್ದವು. ತೊಳೆದು ಕೊಡಿ ಅಂತ ವಾಪಸ್ ಕಳಿಸಿದೆ, ಅವರಿಗೆ ಬೇಜಾರಾಯಿತು.

ಐಎಫ್‌ಸಿ: ನೋಟ್‌ಪ್ಯಾಡ್‌ನಲ್ಲಿ ಒಮ್ಮೆ ತೆರೆದು ನೋಡಿ

ಒಬ್ಬರು ರೆವಿಟ್, ಇನ್ನೊಬ್ಬರು ಆರ್ಕಿಕ್ಯಾಡ್, ಮತ್ತೊಬ್ಬರು ಟೆಕ್ಲಾ. ಮಧ್ಯದ ಭಾಷೆ ಐಎಫ್‌ಸಿ, ಅಂದರೆ ಇಂಡಸ್ಟ್ರಿ ಫೌಂಡೇಷನ್ ಕ್ಲಾಸಸ್. ಬಿಲ್ಡಿಂಗ್‌ಸ್ಮಾರ್ಟ್ ಅನ್ನುವ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ, ಯಾವ ಕಂಪನಿಯ ಸ್ವಂತ ಆಸ್ತಿಯೂ ಅಲ್ಲ. ಐಎಫ್‌ಸಿ 2ಎಕ್ಸ್3 ಬಂದಿದ್ದು 2006ರಲ್ಲಿ. 2013ರಲ್ಲಿ ಐಎಫ್‌ಸಿ4 ಬಂತು, ಐಎಸ್ಒ 16739 ಅಂತ ಅಂತರರಾಷ್ಟ್ರೀಯ ಮಾನಕವೂ ಆಯಿತು. 4.3 ಬಂದ ಮೇಲೆ ರಸ್ತೆ, ರೈಲು, ಸೇತುವೆಗಳೂ ಸೇರಿವೆ. ಅದರ ಐಎಸ್ಒ ಆವೃತ್ತಿ 2024ರದು. ಆದರೂ ಕೋಆರ್ಡಿನೇಷನ್ ಕೆಲಸದಲ್ಲಿ 2ಎಕ್ಸ್3 ಇನ್ನೂ ಓಡುತ್ತಲೇ ಇದೆ. ಯಾವುದು ಬೇಕು ಅಂತ ಕೇಳಿಯೇ ಎಕ್ಸ್‌ಪೋರ್ಟ್ ಮಾಡಿ.

ಸಾದಾ ಐಎಫ್‌ಸಿ ಒಂದು ಟೆಕ್ಸ್ಟ್ ಫೈಲ್. ಚಿಕ್ಕದೊಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಹೆದರಬೇಡಿ. ಮೊದಲ ಸಾಲಿನಲ್ಲಿ ಐಎಸ್ಒ 10303-21 ಅಂತಿರುತ್ತದೆ, ಅದು ಬರೆಯುವ ವಿಧಾನದ ಹೆಸರು. ಸ್ವಲ್ಪ ಕೆಳಗೆ ಫೈಲ್ ನೇಮ್ ಸಾಲಿನಲ್ಲಿ ಎಕ್ಸ್‌ಪೋರ್ಟ್ ಆದ ದಿನ, ಸಮಯ, ಯಾವ ಸಾಫ್ಟ್‌ವೇರಿನಿಂದ ಬಂತು ಅನ್ನುವುದು ಇರುತ್ತದೆ. ಫೈಲ್ ಸ್ಕೀಮಾ ಸಾಲಿನಲ್ಲಿ 2ಎಕ್ಸ್3ಯೋ 4ಓ ಅಂತ ಬರೆದಿರುತ್ತದೆ. "ನಿನ್ನೆಯದೇ ಕಳಿಸಿದ್ದು" ಅಂತ ಯಾರಾದರೂ ವಾದಿಸಿದರೆ ನಾನು ತೋರಿಸುವುದು ಆ ತಾರೀಕನ್ನು. ಅದರ ಕೆಳಗೆ ಡೇಟಾ ಭಾಗ. ಪ್ರತಿ ಸಾಲಿನ ಶುರುವಿಗೆ ಒಂದು ನಂಬರ್, ಆಮೇಲೆ ಕ್ಲಾಸಿನ ಹೆಸರು: ಐಎಫ್‌ಸಿ ವಾಲ್, ಐಎಫ್‌ಸಿ ಡೋರ್, ಐಎಫ್‌ಸಿ ಬೀಮ್. ಐಎಫ್‌ಸಿ ಎಸ್ಐ ಯುನಿಟ್ ಅಂತ ಹುಡುಕಿದರೆ ಉದ್ದದ ಅಳತೆ ಮೀಟರೋ ಮಿಲಿಮೀಟರೋ ಗೊತ್ತಾಗುತ್ತದೆ. "ಮಾಡೆಲ್ ಸಾವಿರ ಪಟ್ಟು ಚಿಕ್ಕದಾಗಿ ಬಂದಿದೆ" ಅನ್ನುವ ಗಲಾಟೆಗೆ ಉತ್ತರ ಹುಡುಕಲು ನಾನು ಮೊದಲು ನೋಡುವ ಜಾಗ ಅದು.

ವಸ್ತುಗಳು ಅಲ್ಲಿ ಸುಮ್ನೆ ರಾಶಿ ಬಿದ್ದಿರುವುದಿಲ್ಲ. ಪ್ರಾಜೆಕ್ಟ್, ಅದರೊಳಗೆ ಸೈಟ್, ಬಿಲ್ಡಿಂಗ್, ಸ್ಟೋರಿ, ಸ್ಟೋರಿಯೊಳಗೆ ಗೋಡೆ ಬಾಗಿಲು ಅಂತ ಒಂದು ಮರ ಇರುತ್ತದೆ. ಸ್ಟೋರಿ ಅಂದರೆ ಮಹಡಿ. ಮಾಡೆಲ್ ಮಾಡುವಾಗ ಮೂರನೇ ಮಹಡಿಯ ಕಂಬವನ್ನು ಒಂದನೇ ಲೆವೆಲ್‌ಗೆ ಕಟ್ಟಿ ಆಫ್‌ಸೆಟ್ ಕೊಟ್ಟು ಮೇಲಕ್ಕೆ ಎತ್ತಿದ್ದರೆ, ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಆದರೆ ಐಎಫ್‌ಸಿಯಲ್ಲಿ ಒಂದನೇ ಮಹಡಿಯ ಲೆಕ್ಕಕ್ಕೆ ಸೇರುತ್ತದೆ. ಕಾಂಕ್ರೀಟ್ ಲೆಕ್ಕ ಹಾಕುವವರು ಮಹಡಿವಾರು ಸೋಸಿದಾಗ ಎಡವುವುದು ಇಲ್ಲೇ.

ಈಗ ಪ್ರಾಕ್ಸಿ. ರೆವಿಟ್‌ನಲ್ಲಿ ಜೆನೆರಿಕ್ ಮಾಡೆಲ್ ಅನ್ನುವ ಕ್ಯಾಟಗರಿ ಇದೆ, ಎಲ್ಲೂ ಸೇರದವಕ್ಕೆ. ಸೋಮಾರಿತನಕ್ಕೆ ರೇಲಿಂಗು, ಮೆಟ್ಟಿಲು, ಟ್ಯಾಂಕು ಎಲ್ಲವನ್ನೂ ಅದರಲ್ಲೇ ಮಾಡುವವರಿದ್ದಾರೆ. ತ್ರೀಡಿಯಲ್ಲಿ ಚೆನ್ನಾಗೇ ಕಾಣುತ್ತದೆ. ಐಎಫ್‌ಸಿಗೆ ಹೋದಾಗ ಅವೆಲ್ಲ "ಬಿಲ್ಡಿಂಗ್ ಎಲಿಮೆಂಟ್ ಪ್ರಾಕ್ಸಿ" ಆಗಿಬಿಡುತ್ತವೆ. ಅಂದರೆ, ಏನೋ ಒಂದು ವಸ್ತು ಇದೆ, ಏನು ಅಂತ ಗೊತ್ತಿಲ್ಲ. ಆಚೆಯವರು ಮೆಟ್ಟಿಲು ಎಷ್ಟಿವೆ ಅಂತ ಹುಡುಕಿದರೆ ಸೊನ್ನೆ ಬರುತ್ತದೆ. ಸರಿಯಾದ ಕ್ಯಾಟಗರಿಯಲ್ಲಿ ಮಾಡುವುದೇ ಮೊದಲ ಔಷಧ. ಆಗದಿದ್ದರೆ ಎಕ್ಸ್‌ಪೋರ್ಟ್ ಸೆಟ್ಟಿಂಗಿನಲ್ಲಿ ಯಾವ ಕ್ಯಾಟಗರಿ ಯಾವ ಐಎಫ್‌ಸಿ ಕ್ಲಾಸಿಗೆ ಹೋಗಬೇಕು ಅನ್ನುವ ಮ್ಯಾಪಿಂಗ್ ಪಟ್ಟಿ ತಿದ್ದಿ.

ಮಾಹಿತಿ ಪಿಸೆಟ್ (ಪ್ರಾಪರ್ಟಿ ಸೆಟ್) ಅನ್ನುವ ಗುಂಪುಗಳಲ್ಲಿ ಕೂರುತ್ತದೆ. ಗೋಡೆಗೆ "ಪಿಸೆಟ್ ವಾಲ್ ಕಾಮನ್" ಅಂತ ಒಂದಿದೆ. ಫೈರ್ ರೇಟಿಂಗ್, ಹೊರಗೋಡೆ ಹೌದೋ ಅಲ್ಲವೋ, ಭಾರ ಹೊರುತ್ತದೋ ಇಲ್ಲವೋ, ಇಂಥವು ಅದರಲ್ಲಿರುತ್ತವೆ. ಐಎಫ್‌ಸಿ ಬಂದಾಗ ಒಂದು ಗೋಡೆ ಕ್ಲಿಕ್ ಮಾಡಿ ಈ ಗುಂಪು ತುಂಬಿದೆಯಾ ನೋಡಿ. ಖಾಲಿ ಇದ್ದರೆ ನಿಮಗೆ ಬಂದಿರುವುದು ಆಕಾರ ಮಾತ್ರ.

ಕೊನೆಯದಾಗಿ, ಐಎಫ್‌ಸಿ ತಿದ್ದುವುದಕ್ಕೆ ಅಂತ ಇರುವ ಫೈಲ್ ಅಲ್ಲ. ರೆವಿಟ್‌ನಲ್ಲಿ ಓಪನ್ ಮಾಡಿ ಗೋಡೆ ಎಳೆದಾಡಲು ಹೋದರೆ ಅರ್ಧ ವಸ್ತುಗಳು ಮೊಂಡು ಹಿಡಿಯುತ್ತವೆ. ಲಿಂಕ್ ಮಾಡಿ, ನೋಡಿ, ತಪ್ಪಿದ್ದರೆ ಮಾಡಿದವರಿಗೇ ಹೇಳಿ. ಲಿಂಕ್ ಮಾಡಿದಾಗ ಪಕ್ಕದಲ್ಲಿ ಐಎಫ್‌ಸಿ ಮತ್ತು ಆರ್‌ವಿಟಿ ಎರಡೂ ಬಾಲ ಇರುವ ಒಂದು ಫೈಲ್ ಹುಟ್ಟುತ್ತದೆ. ಅದು ರೆವಿಟ್ ತನ್ನ ಅನುಕೂಲಕ್ಕೆ ಮಾಡಿಕೊಂಡಿದ್ದು. ಅದನ್ನು ಯಾರಿಗೂ ಕಳಿಸಬೇಕಿಲ್ಲ.

ನೇವಿಸ್‌ವರ್ಕ್ಸ್‌ನ ಮೂವರು

ಎಲ್ಲರ ಮಾಡೆಲ್ ಕೂಡಿಸಿ ನೋಡುವುದಕ್ಕೆ ಫೆಡರೇಟೆಡ್ ಮಾಡೆಲ್ ಅನ್ನುತ್ತಾರೆ. ನಾನು ಅದಕ್ಕೆ ನೇವಿಸ್‌ವರ್ಕ್ಸ್ ಬಳಸುತ್ತೇನೆ. ಅದರ ಮೂರು ಫೈಲುಗಳಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ.

ಎನ್‌ಡಬ್ಲ್ಯುಸಿ ಅಂದರೆ ಕ್ಯಾಶ್. ಒಂದು ಆರ್‌ವಿಟಿಯನ್ನೋ ಡಿಡಬ್ಲ್ಯುಜಿಯನ್ನೋ ನೇವಿಸ್‌ವರ್ಕ್ಸ್ ಓದಿದಾಗ ತನಗೆ ಬೇಕಾದ ರೂಪದಲ್ಲಿ ಪಕ್ಕದಲ್ಲೇ ಬರೆದಿಟ್ಟುಕೊಳ್ಳುವ ಹಗುರ ಪ್ರತಿ. ರೆವಿಟ್‌ನಿಂದ ನೇರವಾಗಿಯೂ ಎಕ್ಸ್‌ಪೋರ್ಟ್ ಮಾಡಬಹುದು. ಬೇರೆ ಬೇರೆ ವಿಭಾಗದವರಿಂದ ನಾನು ವಾರವಾರ ಕೇಳುವುದು ಇದನ್ನೇ.

ಎನ್‌ಡಬ್ಲ್ಯುಎಫ್‌ನಲ್ಲಿ ಆಕಾರಗಳೇ ಇರುವುದಿಲ್ಲ. ಯಾವ ಯಾವ ಫೈಲ್ ಎಲ್ಲಿದೆ ಅನ್ನುವ ಪಟ್ಟಿ, ನಾನು ಉಳಿಸಿದ ವ್ಯೂಪಾಯಿಂಟ್‌ಗಳು, ಬರೆದ ಟಿಪ್ಪಣಿ, ಕ್ಲಾಶ್ (ಗುದ್ದಾಟ) ಹುಡುಕುವ ಪರೀಕ್ಷೆಗಳು ಮತ್ತು ಅವುಗಳ ಫಲಿತಾಂಶ, ಇಷ್ಟೇ. ಹೊಸ ಎನ್‌ಡಬ್ಲ್ಯುಸಿ ಅದೇ ಹೆಸರಲ್ಲಿ ಅದೇ ಫೋಲ್ಡರಿಗೆ ಬಿದ್ದರೆ, ರಿಫ್ರೆಶ್ ಒತ್ತಿದ ಕೂಡಲೇ ಮಾಡೆಲ್ ಹೊಸದಾಗುತ್ತದೆ. ಪರೀಕ್ಷೆ ಮತ್ತೆ ಓಡಿಸಿದರೆ ಹಳೆಯ ಗುದ್ದಾಟಗಳಲ್ಲಿ ಯಾವುದು ಬಗೆಹರಿಯಿತು, ಯಾವುದು ಹಾಗೇ ಇದೆ, ಯಾವುದು ಹೊಸದು ಅಂತ ಬೇರೆ ಬೇರೆ ತೋರಿಸುತ್ತದೆ. ಹಾಗಾಗಿ ಹೆಸರಿನ ಕೊನೆಗೆ ತಾರೀಕು, "ಫೈನಲ್", "ಫೈನಲ್ 2" ಅಂತ ಸೇರಿಸಿ ಕಳಿಸಬೇಡಿ. ಹೆಸರು ಬದಲಾದರೆ ಎನ್‌ಡಬ್ಲ್ಯುಎಫ್ ಪಾಲಿಗೆ ಅದು ಬೇರೆ ಫೈಲ್. ಹೊಸ ಆವೃತ್ತಿಯ ಗುರುತು ಫೋಲ್ಡರಿನಲ್ಲೋ ರಿಜಿಸ್ಟರಿನಲ್ಲೋ ಇರಲಿ.

ಎನ್‌ಡಬ್ಲ್ಯುಡಿ ಅಂದರೆ ಆ ದಿನದ ಫೋಟೋ. ಎಲ್ಲ ಆಕಾರ, ಟಿಪ್ಪಣಿ, ವ್ಯೂ ಒಂದೇ ಫೈಲಿನಲ್ಲಿ ಸೇರಿರುತ್ತದೆ. ಮೂಲ ಫೈಲುಗಳು ಇಲ್ಲದಿದ್ದರೂ ತೆರೆಯುತ್ತದೆ, ಆದರೆ ಮೂಲ ಬದಲಾದರೆ ಇದು ಬದಲಾಗುವುದಿಲ್ಲ. ನೇವಿಸ್‌ವರ್ಕ್ಸ್ ಫ್ರೀಡಮ್ ಅನ್ನುವ ಉಚಿತ ವ್ಯೂವರ್ ಇದೆ, ಅದರಲ್ಲಿ ಎನ್‌ಡಬ್ಲ್ಯುಡಿ ನೋಡಬಹುದು. ಮೀಟಿಂಗಿಗೆ, ಸೈಟಿನವರಿಗೆ, ಮಾಲೀಕರಿಗೆ ಇದು. "ಎನ್‌ಡಬ್ಲ್ಯುಡಿ ಬಂತು, ಪೈಪ್ ಸರಿಸೋಕೆ ಆಗ್ತಿಲ್ಲ" ಅಂತ ಫೋನ್ ಬಂದರೆ ಏನು ಹೇಳಬೇಕು ಅಂತ ಈಗ ನಿಮಗೇ ಗೊತ್ತು.

ಕ್ಲಾಶ್‌ನಲ್ಲೂ ಬಗೆಗಳಿವೆ. ಎರಡು ವಸ್ತು ನಿಜಕ್ಕೂ ಒಂದರೊಳಗೊಂದು ನುಗ್ಗಿದ್ದರೆ ಹಾರ್ಡ್ ಕ್ಲಾಶ್. ತಾಗಿಲ್ಲ, ಆದರೆ ಕೈ ಹಾಕಿ ರಿಪೇರಿ ಮಾಡುವಷ್ಟು ಜಾಗ ಇಲ್ಲ ಅಂದರೆ ಕ್ಲಿಯರೆನ್ಸ್ ಕ್ಲಾಶ್. ಒಂದೇ ವಸ್ತು ಒಂದರ ಮೇಲೊಂದು ಎರಡು ಸಲ ಕೂತಿದ್ದರೆ ಡುಪ್ಲಿಕೇಟ್. ಎಲ್ಲದರ ಮೇಲೂ ಎಲ್ಲವನ್ನೂ ಓಡಿಸಿ ಸಾವಿರಗಟ್ಟಲೆ ಫಲಿತಾಂಶ ತಂದು ಟೇಬಲ್ ಮೇಲೆ ಹಾಕುವುದು ಕೋಆರ್ಡಿನೇಷನ್ ಅಲ್ಲ. ಡಕ್ಟ್ ಮತ್ತು ಬೀಮ್, ದೊಡ್ಡ ಡ್ರೈನ್ ಪೈಪ್ ಮತ್ತು ಬೀಮ್, ಹೀಗೆ ತಿದ್ದಲು ಕಷ್ಟವಾದವುಗಳಿಂದ ಶುರು ಮಾಡಿ.

ಬಿಸಿಎಫ್ ಮತ್ತು ಐಡಿ

ತಪ್ಪು ಕಂಡಾಗ ಇಡೀ ಮಾಡೆಲ್ ವಾಪಸ್ ಕಳಿಸಬೇಕಿಲ್ಲ. ದೂರನ್ನಷ್ಟೇ ಹೊತ್ತೊಯ್ಯುವ ಬಿಸಿಎಫ್ (ಬಿಐಎಂ ಕೊಲಾಬರೇಷನ್ ಫಾರ್ಮ್ಯಾಟ್) ಫೈಲ್ ಸಾಕು. ಟೆಕ್ಲಾದವರು ಮತ್ತು ಮಾಡೆಲ್ ಪರೀಕ್ಷಿಸುವ ಸಾಫ್ಟ್‌ವೇರ್ ಮಾಡುವ ಸೊಲಿಬ್ರಿಯವರು ಮೊದಲು ಮುಂದಿಟ್ಟಿದ್ದು, ಈಗ ಬಿಲ್ಡಿಂಗ್‌ಸ್ಮಾರ್ಟ್‌ನ ಮಾನಕ. ಅದೂ ಒಂದು ಜಿಪ್ ಫೈಲೇ. ಬಾಲ ಬದಲಿಸಿ ಬಿಚ್ಚಿದರೆ ಪ್ರತಿ ದೂರಿಗೆ ಒಂದೊಂದು ಫೋಲ್ಡರ್ ಕಾಣುತ್ತದೆ. ಒಳಗೆ ಬರಹ, ಕ್ಯಾಮೆರಾ ಎಲ್ಲಿ ನಿಂತಿತ್ತು ಅನ್ನುವ ವಿವರ, ಒಂದು ಸಣ್ಣ ಚಿತ್ರ. ಅದನ್ನು ರೆವಿಟ್‌ನಲ್ಲೋ ಆರ್ಕಿಕ್ಯಾಡ್‌ನಲ್ಲೋ ಕ್ಲಿಕ್ ಮಾಡಿದರೆ ನಾನು ನೋಡಿದ ಜಾಗಕ್ಕೇ ನಿಮ್ಮನ್ನೂ ಕರೆದೊಯ್ದು, ಆ ಪೈಪನ್ನೇ ಆಯ್ಕೆ ಮಾಡಿ ತೋರಿಸುತ್ತದೆ.

ಪೈಪನ್ನು ಗುರುತು ಹಿಡಿಯುವುದು ಅದರ ಐಡಿಯಿಂದ. ರೆವಿಟ್‌ನಲ್ಲಿ ಎಲಿಮೆಂಟ್ ಐಡಿ ಒಂದು ಸಂಖ್ಯೆ, ಐಎಫ್‌ಸಿಯಲ್ಲಿ 22 ಅಕ್ಷರಗಳ ಜಿಯುಐಡಿ. ನಾನು "ಈ ಪೈಪ್ ಕೆಳಗಿಳಿಸಿ" ಅಂತ ಬಿಸಿಎಫ್ ಕಳಿಸುತ್ತೇನೆ. ನೀವು ಆ ಪೈಪ್ ಅಳಿಸಿ ಹೊಸದು ಎಳೆಯುತ್ತೀರಿ. ಹೊಸದಕ್ಕೆ ಹೊಸ ಐಡಿ. ನನ್ನ ದೂರು ಈಗ ಇಲ್ಲದ ಪೈಪನ್ನು ಹುಡುಕುತ್ತದೆ, ಕ್ಲಾಶ್ ಪಟ್ಟಿಯಲ್ಲಿ ಹಳೆಯದು ಬಗೆಹರಿದು ಹೊಸದೊಂದು ಹುಟ್ಟಿದ ಹಾಗೆ ಕಾಣುತ್ತದೆ. ಅದಕ್ಕೇ ಅಳಿಸಬೇಡಿ, ಸರಿಸಿ. ಟೈಪ್ ತಪ್ಪಿದ್ದರೆ ಟೈಪ್ ಬದಲಿಸಿ. ಇದೊಂದು ಅಭ್ಯಾಸ ಇರುವವರ ಜೊತೆ ಕೆಲಸ ಮಾಡುವುದು ಎಷ್ಟು ಹಗುರ ಅಂತ ಹೇಳಲಾರೆ.

ಎಲ್ಒಡಿ

ಎಲ್ಒಡಿ ಅಂದರೆ ಲೆವೆಲ್ ಆಫ್ ಡೆವಲಪ್‌ಮೆಂಟ್, ಒಂದು ವಸ್ತು ಎಷ್ಟು ಪಕ್ಕಾ ಆಗಿದೆ ಅನ್ನುವ ಅಳತೆ: 100, 200, 300, 350, 400, 500. 100 ಬರೀ ಗುರುತು, 200 ಅಂದಾಜು ಗಾತ್ರ. 300ರಲ್ಲಿ ಗಾತ್ರ, ಜಾಗ, ದಿಕ್ಕು ನಂಬಬಹುದು. 350ರಲ್ಲಿ ಅಕ್ಕಪಕ್ಕದ್ದಕ್ಕೆ ಹೇಗೆ ಜೋಡಣೆ ಅನ್ನುವುದೂ ಬರುತ್ತದೆ. 400 ಅಂದರೆ ತಯಾರಿಸುವಷ್ಟು ವಿವರ, 500 ಅಂದರೆ ಸೈಟಿನಲ್ಲಿ ಪರಿಶೀಲಿಸಿದ್ದು. ಕೋಆರ್ಡಿನೇಷನ್ನಿಗೆ 350 ಮುಖ್ಯ, ಏಕೆಂದರೆ ಹ್ಯಾಂಗರ್, ಸಪೋರ್ಟ್ ಅಲ್ಲಿಂದಲೇ ಕಾಣಿಸಿಕೊಳ್ಳುತ್ತವೆ. "ನಮ್ಮ ಮಾಡೆಲ್ ಎಲ್ಒಡಿ 400" ಅಂತ ಒಟ್ಟಾರೆ ಹೇಳುವವರನ್ನು ನಂಬಬೇಡಿ. ಅಳತೆ ಒಂದೊಂದು ವಸ್ತುವಿಗೆ. ಡೌನ್‌ಲೋಡ್ ಮಾಡಿದ ಪಂಪಿನಲ್ಲಿ ಬೋಲ್ಟಿನ ತಿರುಪಿನ ಗೆರೆಗಳ ಸಮೇತ ಕಾಣಬಹುದು, ಆ ಪಂಪ್ ಎಲ್ಲಿ ಕೂರುತ್ತದೆ ಅಂತ ಇನ್ನೂ ತೀರ್ಮಾನವೇ ಆಗಿರದಿರಬಹುದು.

ಮಾಡೆಲ್ ಎಲ್ಲೋ ದೂರ ಹೋಗಿ ಬಿದ್ದರೆ

ರೆವಿಟ್‌ನಲ್ಲಿ ಮೂರು ಬಿಂದುಗಳು. ಇಂಟರ್ನಲ್ ಆರಿಜಿನ್ ಅಲುಗಾಡುವುದಿಲ್ಲ. ಪ್ರಾಜೆಕ್ಟ್ ಬೇಸ್ ಪಾಯಿಂಟ್ ಅನ್ನು ಕಟ್ಟಡದ ಒಂದು ಮೂಲೆಗೋ ಗ್ರಿಡ್ ಸೇರುವಲ್ಲಿಗೋ ಇಡುತ್ತೇವೆ. ಸರ್ವೆ ಪಾಯಿಂಟ್ ನೆಲದ ಸರ್ವೆಗೆ ಹೊಂದಿಸುವುದು. ಕಟ್ಟಡವನ್ನು ಇಂಟರ್ನಲ್ ಆರಿಜಿನ್ ಹತ್ತಿರವೇ ಕಟ್ಟಿ, ಸರ್ವೆಯ ದೊಡ್ಡ ಅಂಕಿಗಳನ್ನು ಶೇರ್ಡ್ ಕೋಆರ್ಡಿನೇಟ್ಸ್ (ಎಲ್ಲರ ಮಾಡೆಲ್‌ಗಳೂ ಹಂಚಿಕೊಳ್ಳುವ ಸ್ಥಾನದ ಲೆಕ್ಕ) ಮೂಲಕ ಕೊಡಿ. ಸುಮಾರು 16 ಕಿಲೋಮೀಟರ್ ಆಚೆ ಹೋದರೆ ರೆವಿಟ್ ಎಚ್ಚರಿಕೆ ಕೊಡುತ್ತದೆ, ಗೆರೆಗಳು ನಡುಗಲು ಶುರುವಾಗುತ್ತವೆ. ಮೊದಲ ಮೀಟಿಂಗಿಗೂ ಮುಂಚೆ ಎಲ್ಲರೂ ಬರೀ ಗ್ರಿಡ್, ಲೆವೆಲ್ ಮತ್ತು ಒಂದು ಮೂಲೆಯಲ್ಲಿ ಚಿಕ್ಕ ಡಬ್ಬ ಇರುವ ಮಾಡೆಲ್ ಎಕ್ಸ್‌ಪೋರ್ಟ್ ಮಾಡಲಿ. ಡಬ್ಬಗಳೆಲ್ಲ ಒಂದೇ ಜಾಗದಲ್ಲಿ ಕೂತರೆ ಮುಂದಿನ ಕೆಲಸ.

ಕಳಿಸುವ ಮುಂಚೆ

ಬಿಐಎಂ ಮಾಹಿತಿ ನಿರ್ವಹಣೆಯ ಮಾನಕ ಐಎಸ್ಒ 19650 ಪ್ರಕಾರ ಎಲ್ಲರ ಫೈಲುಗಳೂ ಇರುವ ಒಂದೇ ಜಾಗಕ್ಕೆ ಸಿಡಿಇ (ಕಾಮನ್ ಡೇಟಾ ಎನ್ವಿರಾನ್‌ಮೆಂಟ್) ಅನ್ನುತ್ತಾರೆ. ಅದರಲ್ಲಿ ನಾಲ್ಕು ಸ್ಥಿತಿ: ಕೆಲಸ ನಡೆಯುತ್ತಿರುವುದು, ಹಂಚಿಕೊಂಡದ್ದು, ಪ್ರಕಟಿಸಿದ್ದು, ಆರ್ಕೈವ್. ನಿಮ್ಮ ಲೋಕಲ್ ಮೊದಲನೆಯದರ ಆಚೆ ಬರಬಾರದು. ನಾನು ನೋಡಬೇಕಾದ ಎನ್‌ಡಬ್ಲ್ಯುಸಿ, ಐಎಫ್‌ಸಿ ಎರಡನೆಯದರಲ್ಲಿರುತ್ತವೆ.

ಹಂಚಿಕೊಳ್ಳುವ ದಿನ ಹೀಗೆ ಮಾಡಿ. ಸೆಂಟ್ರಲನ್ನು ಡಿಟ್ಯಾಚ್ ಮಾಡಿ ತೆರೆಯಿರಿ. ಬೇಡದ ಲಿಂಕು, ಇಂಪೋರ್ಟ್ ಆದ ಡಿಡಬ್ಲ್ಯುಜಿ ತೆಗೆಯಿರಿ. ಬಳಸದ ಫ್ಯಾಮಿಲಿ, ಟೈಪುಗಳನ್ನು ಅಳಿಸುವ ಪರ್ಜ್ ಅನ್‌ಯೂಸ್ಡ್ ಓಡಿಸಿ, ಒಂದು ಸಲಕ್ಕೆ ಎಲ್ಲ ಹೋಗದಿದ್ದರೆ ಮತ್ತೆ ಓಡಿಸಿ. ವಾರ್ನಿಂಗ್ ಪಟ್ಟಿ ತೆರೆದು ಒಂದೇ ಜಾಗದಲ್ಲಿ ಎರಡು ವಸ್ತು ಕೂತಿರುವವನ್ನಾದರೂ ಸರಿ ಮಾಡಿ, ಇಲ್ಲದಿದ್ದರೆ ಅಳತೆ ಪಟ್ಟಿಯಲ್ಲಿ ಎರಡೆರಡು ಸಲ ಎಣಿಕೆ ಆಗುತ್ತದೆ. ಎಕ್ಸ್‌ಪೋರ್ಟಿಗೆ ಅಂತಲೇ ಒಂದು ತ್ರೀಡಿ ವ್ಯೂ ಇಟ್ಟುಕೊಳ್ಳಿ, ಅದರಲ್ಲಿ ಕಾಣುವುದು ಮಾತ್ರ ಹೋಗಲಿ. ಆಮೇಲೆ ಆ ಐಎಫ್‌ಸಿಯನ್ನು ಮಾಡಿದ ಸಾಫ್ಟ್‌ವೇರಿನಲ್ಲಲ್ಲ, ಬೇರೊಂದು ವ್ಯೂವರಿನಲ್ಲಿ ತೆರೆಯಿರಿ. ಮಹಡಿಗಳು ಎಣಿಕೆಗೆ ಸರಿಯಿವೆಯಾ, ಪ್ರಾಕ್ಸಿ ಎಷ್ಟಿವೆ, ಒಂದು ಬಾಗಿಲಿನ ಅಗಲ ಹೆಸರಿನ ಹಾಗೇ ಇದೆಯಾ ನೋಡಿ. ಜೊತೆಗೆ ನಾಲ್ಕು ಸಾಲು ಬರೆಯಿರಿ: ಯಾವ ಸಾಫ್ಟ್‌ವೇರ್, ಯಾವ ವರ್ಷನ್, ಕೋಆರ್ಡಿನೇಟ್ಸ್ ಯಾವುದು, ಹೋದ ಸಲಕ್ಕಿಂತ ಏನು ಬದಲಾಗಿದೆ. ಈ ನಾಲ್ಕನೇ ಸಾಲನ್ನು ಬರೆದು ಕಳಿಸುವವರು ಕಡಿಮೆ. ಬರೆದವರ ಮಾಡೆಲನ್ನು ನಾನು ಮೊದಲು ತೆರೆಯುತ್ತೇನೆ.